ನೂರು ರೂಪಾಯಿ ಕಡಿತ

ನಮ್ಮ ಲೋಕಸಭೆಯ ನಿಯಮಗಳಲ್ಲಿ ಬಹಳ ಜನರಿಗೆ ತಿಳಿಯದ ಒಂದು ಅವಕಾಶವಿದೆ. ಸಚಿವಾಲಯವೊಂದು ಬಜೆಟ್‌ನಲ್ಲಿ ಸಾವಿರಾರು ಕೋಟಿ ರೂಪಾಯಿ ಕೇಳಿದಾಗ ಸದಸ್ಯರೊಬ್ಬರು ಎದ್ದು ನಿಂತು, ‘ಈ ಬೇಡಿಕೆಯಲ್ಲಿ ನೂರು ರೂಪಾಯಿ ಕಡಿತ ಮಾಡಬೇಕು’ ಎಂದು ಸೂಚನೆ ಮಂಡಿಸಬಹುದು. ಆ ನೂರು ರೂಪಾಯಿ ಉಳಿದರೆಷ್ಟು, ಬಿಟ್ಟರೆಷ್ಟು? ತನ್ನ ಕ್ಷೇತ್ರದ ಜನರ ಒಂದು ನಿರ್ದಿಷ್ಟ ದೂರನ್ನು, ಅರ್ಧಕ್ಕೆ ನಿಂತ ಮೇಲ್ಸೇತುವೆಯನ್ನೋ ಬಾರದೇ ಹೋದ ಬೆಳೆ ವಿಮೆಯನ್ನೋ, ಸಚಿವರ ಮುಂದಿಟ್ಟು ಉತ್ತರ ಹೇಳಿಸುವುದಕ್ಕೆ ಇರುವ ದಾರಿ ಅದು. ಇಲಾಖೆ ದುಂದು ಮಾಡುತ್ತಿದೆ ಎನ್ನುವವರು ಇಂತಿಷ್ಟು ಮೊತ್ತ ಕಡಿಮೆ ಮಾಡಿ ಎಂದು ಕೇಳಬಹುದು. ನೀತಿಯೇ ಸರಿಯಿಲ್ಲ ಎನ್ನುವವರು ಇಡೀ ಬೇಡಿಕೆಯನ್ನು ಒಂದು ರೂಪಾಯಿಗೆ ಇಳಿಸಿ ಎಂದು ಕೇಳಬಹುದು. ಹಣದ ಮೇಲೆ ಜನರಿಗಿರುವ ಹಿಡಿತ ಎಷ್ಟು ಗಟ್ಟಿ ಎಂಬುದನ್ನು ಈ ಮೂರು ಸೂಚನೆಗಳಷ್ಟು ಚೆನ್ನಾಗಿ ಹೇಳುವ ನಿಯಮ ಇನ್ನೊಂದನ್ನು ನಾನು ಕಂಡಿಲ್ಲ.

ಈಗ 2023ರ ಮಾರ್ಚ್ 23ಕ್ಕೆ ಬನ್ನಿ. ಅಂದು ಸಂಜೆ ಲೋಕಸಭೆ ಸುಮಾರು 45 ಲಕ್ಷ ಕೋಟಿ ರೂಪಾಯಿಗಳ ಕೇಂದ್ರ ಬಜೆಟ್ಟಿಗೆ ಕೆಲವೇ ನಿಮಿಷಗಳಲ್ಲಿ ಒಪ್ಪಿಗೆ ಕೊಟ್ಟಿತು. ಒಂದೇ ಒಂದು ಸಚಿವಾಲಯದ ಬೇಡಿಕೆಯ ಮೇಲೂ ಚರ್ಚೆ ಆಗಲಿಲ್ಲ. ಅದಾನಿ ವಿಷಯದಲ್ಲಿ ಜಂಟಿ ಸಂಸದೀಯ ಸಮಿತಿ ಬೇಕು ಎಂದು ಒಂದು ಕಡೆಯವರು ಕೂಗುತ್ತಿದ್ದರು, ರಾಹುಲ್ ಗಾಂಧಿ ಕ್ಷಮೆ ಕೇಳಬೇಕು ಎಂದು ಇನ್ನೊಂದು ಕಡೆಯವರು. ಕಡಿತ ಸೂಚನೆಗಳನ್ನೆಲ್ಲ ಒಟ್ಟಿಗೆ ಮತಕ್ಕೆ ಹಾಕಿ ತಳ್ಳಿಹಾಕಲಾಯಿತು. ಧ್ವನಿಮತ, ಖಜಾನೆಯಿಂದ ಹಣ ತೆಗೆಯಲು ಒಪ್ಪಿಗೆ ಕೊಡುವ ಧನವಿನಿಯೋಗ ವಿಧೇಯಕ, ಮುಗಿಯಿತು. ಚರ್ಚೆಗೆ ನಿಗದಿಯಾದ ಕೊನೆಯ ದಿನ ಉಳಿದ ಬೇಡಿಕೆಗಳನ್ನೆಲ್ಲ ಒಂದೇ ಏಟಿಗೆ ಮತಕ್ಕೆ ಹಾಕುವ ಈ ಪದ್ಧತಿಗೆ ಗಿಲೊಟಿನ್ ಎಂದೇ ಹೆಸರು. ತಲೆ ಕಡಿಯುವ ಯಂತ್ರದ ಹೆಸರು ಅದು.

ಇದು ಒಂದು ಪಕ್ಷದ ಪಾಪ ಎಂದು ದಯವಿಟ್ಟು ಯಾರೂ ಇಲ್ಲಿ ಜಗಳ ಆರಂಭಿಸಬೇಡಿ. 2013ರಲ್ಲಿ ಯುಪಿಎ ಸರ್ಕಾರ ಇದ್ದಾಗಲೂ ಬಜೆಟ್ ಹೀಗೆಯೇ ಚರ್ಚೆಯಿಲ್ಲದೆ ಪಾಸಾಯಿತು. 2018ರ ಮಾರ್ಚ್‌ನಲ್ಲಿ 24 ಲಕ್ಷ ಕೋಟಿಗೂ ಮಿಕ್ಕಿದ ಬಜೆಟ್ ಗದ್ದಲದ ನಡುವೆಯೇ ಅಂಗೀಕಾರವಾಯಿತು. ಗದ್ದಲವಿಲ್ಲದ ವರ್ಷಗಳಲ್ಲೂ ಚರ್ಚೆಯಾಗುವುದು ನಾಲ್ಕೈದು ಸಚಿವಾಲಯಗಳದ್ದು ಮಾತ್ರ. ಬೇಡಿಕೆಗಳು ನೂರಕ್ಕೂ ಹೆಚ್ಚು. ಜೊತೆಗೆ ಸಾಲದ ಮೇಲಿನ ಬಡ್ಡಿಯಂಥ ದೊಡ್ಡ ಖರ್ಚು ಸಂವಿಧಾನದ ಪ್ರಕಾರ ಮತಕ್ಕೆ ಬರುವುದೇ ಇಲ್ಲ. ಅಂದರೆ ಮತಕ್ಕೆ ಬರುವ ಹಣವೇ ಕಡಿಮೆ, ಅದರಲ್ಲೂ ಮಾತಿಗೆ ಬರುವುದು ಇನ್ನೂ ಕಡಿಮೆ. ಮೊದಲ ಲೋಕಸಭೆ ತನ್ನ ಅವಧಿಯಲ್ಲಿ 677 ದಿನ ಕಲಾಪ ನಡೆಸಿತ್ತು. ಹದಿನೇಳನೆಯದು ನಡೆಸಿದ್ದು 274 ದಿನ. ದಿನಗಳೇ ಇಲ್ಲದಿದ್ದರೆ ಓದುವುದು ಯಾವಾಗ, ಕೇಳುವುದು ಯಾವಾಗ?

ನನಗೆ ಈ ವಿಷಯ ಇಷ್ಟೊಂದು ಕೊರೆಯುವುದಕ್ಕೆ ಕಾರಣವಿದೆ. ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಹತ್ತೊಂಬತ್ತು ವರ್ಷ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿಯಾಗಿದ್ದೆ. ಪ್ರತಿ ಸೆಪ್ಟೆಂಬರ್‌ನಲ್ಲಿ ವಾರ್ಷಿಕ ಮಹಾಸಭೆ. ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿಸಿ, ಜಮಾಖರ್ಚು, ಅಡಾವೆ ಪತ್ರಿಕೆ, ಲೆಕ್ಕಪರಿಶೋಧಕರ ವರದಿ, ಅದರಲ್ಲಿ ತೋರಿಸಿದ ನ್ಯೂನತೆಗಳಿಗೆ ನಮ್ಮ ಅನುಪಾಲನಾ ವರದಿ, ಎಲ್ಲವನ್ನೂ ಗಟ್ಟಿಯಾಗಿ ಓದಿ ಸಭೆಯ ಒಪ್ಪಿಗೆ ಪಡೆಯಬೇಕು. ಎಷ್ಟೋ ವರ್ಷ ಜನ ಬೋನಸ್ ಎಷ್ಟು ಎಂಬುದೊಂದಕ್ಕೇ ಕಾದು ಕುಳಿತಿರುತ್ತಿದ್ದರು. ಒಂದು ವರ್ಷ ಮಾತ್ರ, ಎರಡು ಹಸು ಕಟ್ಟಿಕೊಂಡು ಬದುಕುತ್ತಿದ್ದ ಒಬ್ಬ ಅಜ್ಜಿ ನಾನು ಓದುವುದನ್ನು ನಡುವೆ ನಿಲ್ಲಿಸಿದರು.

‘ಅಲ್ಲಪ್ಪಾ, ಹೋದ ವರ್ಷ ಸಾದಿಲ್ವಾರು ಅಂತ ನಾಲ್ಕು ಸಾವಿರ ಓದಿದ್ದೆ. ಈಗ ಏಳು ಸಾವಿರ ಓದಿದೆ. ಮೂರು ಸಾವಿರ ಯಾತಕ್ಕೆ ಏರಿತು?’

ಸಾದಿಲ್ವಾರು ಎಂದರೆ ಚಿಲ್ಲರೆ ಖರ್ಚು. ಆಕೆಗೆ ಓದು ಬರುತ್ತಿರಲಿಲ್ಲ. ಹಿಂದಿನ ವರ್ಷ ಕಿವಿಯಲ್ಲಿ ಕೇಳಿದ ಅಂಕಿಯನ್ನು ಹನ್ನೆರಡು ತಿಂಗಳು ನೆನಪಿಟ್ಟುಕೊಂಡು ಬಂದಿದ್ದರು. ನನಗೆ ಆ ಕ್ಷಣ ಸಿಟ್ಟು ಬಂತು, ನಿಜ ಹೇಳುತ್ತೇನೆ. ಸಂಘದ ಕಚೇರಿಗೆ ಹೋಗಿ ವೋಚರ್ ಕಟ್ಟು ತಂದು ಬಿಚ್ಚಿದೆ. ಹಾಲಿನ ತೂಕದ ಯಂತ್ರದ ರಿಪೇರಿಯನ್ನು ಸಾದಿಲ್ವಾರಿನ ಬಾಬಿಗೆ ಹಾಕಿದ್ದೆವು. ಕಳ್ಳತನ ಆಗಿರಲಿಲ್ಲ, ಬರೆಯಬೇಕಾದ ಬಾಬಿನಲ್ಲಿ ಬರೆದಿರಲಿಲ್ಲ. ಬಿಲ್ಲನ್ನು ಸಭೆಗೆ ಓದಿ ಹೇಳಿದೆ. ಅಜ್ಜಿ ‘ಹಾಗಾದರೆ ಸರಿ’ ಎಂದು ಕುಳಿತರು. ಮರುವರ್ಷದಿಂದ ಯಂತ್ರದ ರಿಪೇರಿಗೆ ಬೇರೆ ಬಾಬು ತೆರೆದೆವು. ಅದಕ್ಕಿಂತ ಮುಖ್ಯವಾಗಿ, ಅಂದಿನಿಂದ ಪ್ರತಿ ವೋಚರ್ ಬರೆಯುವಾಗಲೂ ಆಕೆ ಕೇಳುತ್ತಾರೆ ಎಂಬ ಎಚ್ಚರ ನನ್ನ ಕೈಯಲ್ಲಿತ್ತು.

ಸಂವಿಧಾನ ನಮ್ಮ ಸದಸ್ಯರಿಂದ ಬಯಸುವುದು ಇಷ್ಟನ್ನೇ. ಶಾಸನದ ಒಪ್ಪಿಗೆಯಿಲ್ಲದೆ ಸಂಚಿತ ನಿಧಿಯಿಂದ, ಅಂದರೆ ಸರ್ಕಾರದ ಮುಖ್ಯ ಖಜಾನೆಯಿಂದ, ಒಂದು ಪೈಸೆಯನ್ನೂ ತೆಗೆಯುವಂತಿಲ್ಲ ಎಂದು 114 ಮತ್ತು 266ನೇ ವಿಧಿಗಳು ಹೇಳುತ್ತವೆ. ಖರ್ಚಾದ ಮೇಲೆ ಲೆಕ್ಕ ನೋಡಲು ಸಿಎಜಿ, ಅಂದರೆ ಮಹಾಲೇಖಪಾಲರು. ಅಂಬೇಡ್ಕರ್ ಅವರು 1949ರಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಮಾತನಾಡುತ್ತ, ಸಂವಿಧಾನದಲ್ಲಿ ಬಹುಶಃ ಅತ್ಯಂತ ಮುಖ್ಯವಾದ ಅಧಿಕಾರಿ ಇವರೇ ಎಂದಿದ್ದರು. ಕೊಡುವ ಮೊದಲು ಕೇಳಬೇಕು, ಕೊಟ್ಟ ಮೇಲೂ ಕೇಳಬೇಕು. ಮೊದಲಿನದು ಗಿಲೊಟಿನ್‌ಗೆ ಬಲಿಯಾಗುತ್ತಿದೆ. ಎರಡನೆಯದರ ಕಥೆ ಇನ್ನೂ ಉದ್ದ.

ಸಾರ್ವಜನಿಕ ಲೆಕ್ಕಪತ್ರ ಸಮಿತಿ ನಮ್ಮಲ್ಲಿ 1921ರಿಂದ ಇದೆ. ಈಗ ಅದರಲ್ಲಿ 22 ಸದಸ್ಯರು: ಲೋಕಸಭೆಯಿಂದ 15, ರಾಜ್ಯಸಭೆಯಿಂದ 7. ಸಚಿವರು ಸದಸ್ಯರಾಗುವಂತಿಲ್ಲ. 1967ರಿಂದ ಅಧ್ಯಕ್ಷ ಸ್ಥಾನ ವಿರೋಧ ಪಕ್ಷಕ್ಕೆ ಹೋಗುವುದು ವಾಡಿಕೆ. ನಮ್ಮ ಮಲ್ಲಿಕಾರ್ಜುನ ಖರ್ಗೆಯವರೂ ಆ ಕುರ್ಚಿಯಲ್ಲಿ ಕುಳಿತಿದ್ದರು. ಸಿಎಜಿ ವರದಿಯ ಒಂದೊಂದು ಕಂಡಿಕೆ ಹಿಡಿದು ಇಲಾಖೆಯ ಕಾರ್ಯದರ್ಶಿಯನ್ನು ಎದುರಿಗೆ ಕೂರಿಸಿ ಪ್ರಶ್ನಿಸುವ ಸಮಿತಿ ಇದು. ಇಲ್ಲಿ ಪಕ್ಷದ ವಿಪ್ ಇಲ್ಲ, ಕ್ಯಾಮೆರಾ ಇಲ್ಲ, ಹಾಗಾಗಿ ಕೂಗಾಟವೂ ಕಡಿಮೆ. ಸಂಸತ್ತಿನ ನಿಜವಾದ ಕೆಲಸ ನಡೆಯುವ ಜಾಗ ಇದು ಎಂದು ನಾನು ನಂಬಿದ್ದೇನೆ. ಅದಕ್ಕೇ 2011ರಲ್ಲಿ ನಡೆದದ್ದು ನನಗೆ ಇಂದಿಗೂ ನೋವಿನ ಸಂಗತಿ. 2ಜಿ ತರಂಗಾಂತರ ಹಂಚಿಕೆಯಿಂದ 1.76 ಲಕ್ಷ ಕೋಟಿ ರೂಪಾಯಿ ನಷ್ಟವಾಗಿರಬಹುದು ಎಂದು ಸಿಎಜಿ ಅಂದಾಜು ಮಾಡಿದ್ದರು. ಅದನ್ನು ಪರಿಶೀಲಿಸುತ್ತಿದ್ದ, ಮುರಳಿ ಮನೋಹರ ಜೋಶಿ ಅಧ್ಯಕ್ಷತೆಯ ಸಮಿತಿ ಕೊನೆಯ ಹಂತದಲ್ಲಿ ಪಕ್ಷಗಳ ಗೆರೆಯ ಮೇಲೆ ಒಡೆದು ಹೋಯಿತು, ಕರಡು ವರದಿಯನ್ನು ಬಹುಮತದ ಸದಸ್ಯರೇ ತಿರಸ್ಕರಿಸಿದರು. ಮುಂದೆ 122 ಪರವಾನಗಿಗಳನ್ನು ರದ್ದು ಮಾಡಿದ್ದು ಸುಪ್ರೀಂ ಕೋರ್ಟ್. 2017ರಲ್ಲಿ ವಿಶೇಷ ನ್ಯಾಯಾಲಯ ಆರೋಪಿಗಳನ್ನು ಖುಲಾಸೆ ಮಾಡಿತು. ನಷ್ಟದ ಅಂಕಿ ಸರಿಯೋ ತಪ್ಪೋ ಎಂಬುದನ್ನು ದಾಖಲೆ ಹರಡಿಕೊಂಡು ತೂಗಿ ನೋಡಬೇಕಾಗಿದ್ದ ಜಾಗ ಆ ಸಮಿತಿಯ ಕೋಣೆ. ಅಲ್ಲಿ ಆ ಕೆಲಸ ಮುಗಿಯಲೇ ಇಲ್ಲ.

ಸಿಎಜಿ ವರದಿಗೆ ಎಂಥ ಬಲವಿತ್ತು ಎಂದು ಕಿರಿಯರಿಗೆ ತಿಳಿಯಲಿ ಎಂದು ಒಂದು ಮಾತು: 1989ರ ಜುಲೈನಲ್ಲಿ ಬೊಫೋರ್ಸ್ ಫಿರಂಗಿ ಖರೀದಿ ಕುರಿತ ವರದಿ ಬಂದಾಗ ಲೋಕಸಭೆಯ ಬಹುತೇಕ ವಿರೋಧ ಪಕ್ಷದ ಸದಸ್ಯರು ರಾಜೀನಾಮೆಯನ್ನೇ ಕೊಟ್ಟಿದ್ದರು. ಆಗ ಸಿಎಜಿ ಆಗಿದ್ದ ಟಿ.ಎನ್. ಚತುರ್ವೇದಿಯವರೇ 2002ರಲ್ಲಿ ಕರ್ನಾಟಕದ ರಾಜ್ಯಪಾಲರಾಗಿ ಬಂದರು.

ಅಂಥ ಸಿಎಜಿ ವರದಿಗಳು ಸದನಕ್ಕೆ ಬರುವುದೇ ಈಗ ಅನುಮಾನ ಎನ್ನುವಂತಾಗಿದೆ. ವರದಿಯನ್ನು ಸದನದ ಮುಂದೆ ಇಡಿಸಬೇಕು ಎಂದು 151ನೇ ವಿಧಿ ಹೇಳುತ್ತದೆ, ಎಷ್ಟು ದಿನದೊಳಗೆ ಎಂದು ಹೇಳುವುದಿಲ್ಲ. ದೆಹಲಿಯಲ್ಲಿ ಹದಿನಾಲ್ಕು ವರದಿಗಳು ಮಂಡನೆಯಾಗದೆ ಬಾಕಿ ಉಳಿದು, ಹೈಕೋರ್ಟ್‌ನಿಂದ ಟೀಕೆ ಬಂದು, ಸರ್ಕಾರವೇ ಬದಲಾದ ಮೇಲೆ 2025ರ ಫೆಬ್ರವರಿಯಲ್ಲಿ ಮೊದಲನೆಯದು ವಿಧಾನಸಭೆಯ ಮುಂದೆ ಬಂತು. ನಮ್ಮ ಸಂಘದಲ್ಲಿ ಲೆಕ್ಕಪರಿಶೋಧನಾ ವರದಿಯನ್ನು ಮಹಾಸಭೆಗೆ ಇಡದೆ ಬೀರುವಿನಲ್ಲಿ ಇಟ್ಟಿದ್ದರೆ ಸಹಕಾರ ಇಲಾಖೆ ನನ್ನನ್ನು ಸುಮ್ಮನೆ ಬಿಡುತ್ತಿತ್ತೇ?

ನಮ್ಮ ರಾಜ್ಯದ ಮಾತಿಗೆ ಬರುತ್ತೇನೆ. 2025ರ ಮಾರ್ಚ್‌ನಲ್ಲಿ ಸಿದ್ದರಾಮಯ್ಯನವರು ತಮ್ಮ ಹದಿನಾರನೆಯ ಬಜೆಟ್ ಮಂಡಿಸಿದರು. ಗಾತ್ರ 4.09 ಲಕ್ಷ ಕೋಟಿ ರೂಪಾಯಿ. ಬಜೆಟ್ ದಿನ ಟಿವಿಗಳಲ್ಲಿ ಯಾವ ಜಿಲ್ಲೆಗೆ ಏನು ಸಿಕ್ಕಿತು ಎಂದು ದಿನವಿಡೀ ಚರ್ಚೆ. ಘೋಷಣೆಯ ದಿನ ಇರುವ ಕುತೂಹಲ ಲೆಕ್ಕದ ದಿನ ಎಲ್ಲಿ ಹೋಗುತ್ತದೆ? ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆದಾಗ ಪೂರಕ ಅಂದಾಜು ಮಂಡನೆಯಾಗುತ್ತದೆ. ಬಜೆಟ್‌ನಲ್ಲಿ ಹೇಳಿದ್ದು ಸಾಲದು, ಇನ್ನಷ್ಟು ಕೊಡಿ ಎಂದು ಸರ್ಕಾರ ಕೇಳುವ ಹೊತ್ತು ಅದು. ಏಕೆ ಸಾಲಲಿಲ್ಲ, ಎಲ್ಲಿ ಉಳಿಯಿತು ಎಂದು ಕೇಳಲು ಅದಕ್ಕಿಂತ ಒಳ್ಳೆಯ ಸಂದರ್ಭವಿಲ್ಲ. ಮರುದಿನದ ಪತ್ರಿಕೆಯಲ್ಲಿ ಆ ಸುದ್ದಿ ಎಷ್ಟು ಸಾಲು ಬಂದಿತ್ತು ಎಂದು ನೆನಪಿಸಿಕೊಳ್ಳಿ.

ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಪ್ರಕರಣವನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನಿಗಮದ ಸುಮಾರು 187 ಕೋಟಿ ರೂಪಾಯಿ ಇನ್ನೊಂದು ಬ್ಯಾಂಕ್ ಖಾತೆಗೆ ಹೋಗಿ, ಅಲ್ಲಿಂದ ದೊಡ್ಡ ಮೊತ್ತ ಎಲ್ಲೆಲ್ಲಿಗೋ ಹರಿದದ್ದು ಜಗತ್ತಿಗೆ ಗೊತ್ತಾದದ್ದು 2024ರ ಮೇ ತಿಂಗಳಲ್ಲಿ, ನಿಗಮದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಒಬ್ಬ ನೌಕರ ಪ್ರಾಣ ಕಳೆದುಕೊಂಡು ಬಿಟ್ಟುಹೋದ ಪತ್ರದಿಂದ. ಆಮೇಲೆ ಸಚಿವರ ರಾಜೀನಾಮೆ, ಎಸ್ಐಟಿ, ಇ.ಡಿ., ಸದನದಲ್ಲಿ ಧರಣಿ, ಎಲ್ಲವೂ ಆಯಿತು. ಯಾರು ತಪ್ಪಿತಸ್ಥರು ಎಂದು ನ್ಯಾಯಾಲಯ ಹೇಳಲಿ. ನನ್ನ ಪ್ರಶ್ನೆ ಬೇರೆ. ಪರಿಶಿಷ್ಟ ಪಂಗಡದ ಬಡವರ ಗಂಗಾ ಕಲ್ಯಾಣ ಕೊಳವೆಬಾವಿಗೆ, ಸಣ್ಣ ಸಾಲಗಳಿಗೆ ಸದನ ಮಂಜೂರು ಮಾಡಿದ ಹಣ ಯಾವ ಖಾತೆಯಲ್ಲಿ ಕುಳಿತಿದೆ ಎಂದು ಕೇಳುವ ಒಂದು ದನಿ ಅದಕ್ಕೆ ಮೊದಲೇ ಸದನದಲ್ಲಿ ಏಳಬಾರದಿತ್ತೇ? ಹಣ ಬಿಡುಗಡೆಯಾಯಿತು ಎಂಬುದಕ್ಕೂ ಫಲಾನುಭವಿಯ ಕೈ ಸೇರಿತು ಎಂಬುದಕ್ಕೂ ನಡುವೆ ಎಷ್ಟು ದೂರವಿದೆ ಎಂದು ಇಲಾಖೆಯಲ್ಲಿ ಕೆಲಸ ಮಾಡಿದವರೆಲ್ಲರಿಗೂ ಗೊತ್ತು. ಮಾರ್ಚ್ ಕೊನೆಯ ವಾರ ಹಣ ವಾಪಸ್ ಹೋಗದಿರಲಿ ಎಂದು ಠೇವಣಿ ಖಾತೆಗಳಿಗೆ ಹಾಕಿ ಖರ್ಚಾಯಿತು ಎಂದು ಬರೆಯುವುದು, ಬಳಕೆ ಪ್ರಮಾಣಪತ್ರ ವರ್ಷಗಟ್ಟಲೆ ಬಾರದಿರುವುದು ಲೆಕ್ಕಪರಿಶೋಧಕರು ಮತ್ತೆ ಮತ್ತೆ ಬರೆಯುವ ಆಕ್ಷೇಪಣೆಗಳು.

ನಮ್ಮ ಶಾಸಕರಿಗೆ ಶಕ್ತಿಯಿಲ್ಲ ಎಂದು ನಾನು ಒಪ್ಪುವುದಿಲ್ಲ. ಎ.ಟಿ. ರಾಮಸ್ವಾಮಿಯವರ ಅಧ್ಯಕ್ಷತೆಯ ಸದನ ಸಮಿತಿ ಬೆಂಗಳೂರು ನಗರ ಜಿಲ್ಲೆಯ ಸರ್ಕಾರಿ ಜಮೀನಿನ ಒತ್ತುವರಿಯನ್ನು ಸರ್ವೆ ನಂಬರ್ ಸಮೇತ ಹೊರಗೆ ತಂದದ್ದು ಶಾಸಕರ ಕೈಯಿಂದಲೇ. ಸರ್ಕಾರಗಳು ಆ ವರದಿಯ ಮೇಲೆ ಎಷ್ಟು ಮಾಡಿದವು ಎಂಬುದು ಬೇರೆ ಮಾತು. ಪಕ್ಕದ ಕೇರಳದಲ್ಲಿ 1980ರಿಂದಲೇ ವಿಧಾನಸಭೆಯ ವಿಷಯ ಸಮಿತಿಗಳಿವೆ, ಇಲಾಖೆಗಳ ಬೇಡಿಕೆಗಳು ಮತಕ್ಕೆ ಹೋಗುವ ಮೊದಲು ಅವುಗಳ ಮುಂದೆ ಬರುತ್ತವೆ. ಸಂಸತ್ತಿನಲ್ಲಿ ಅಂಥ ಸ್ಥಾಯಿ ಸಮಿತಿಗಳು ಬಂದದ್ದು 1993ರಲ್ಲಿ, ಈಗ 24 ಇವೆ. ಕಷ್ಟಪಟ್ಟು ವರದಿ ಬರೆಯುತ್ತವೆ, ಆದರೆ ವರದಿ ಮಂಡನೆಯಾದ ಕೆಲವೇ ದಿನಗಳಲ್ಲಿ ಗಿಲೊಟಿನ್ ಬಂದರೆ ಅದನ್ನು ಓದಿದವರಾರು?

ಸಮಿತಿಗಳ ಬಾಗಿಲು ಮುಚ್ಚಿರಲಿ ಎನ್ನುವವರ ವಾದ ನನಗೆ ಅರ್ಥವಾಗುತ್ತದೆ. ಮೇಲೆ ನಾನೇ ಹೇಳಿದಂತೆ, ಕ್ಯಾಮೆರಾ ಇಲ್ಲದಿದ್ದರೆ ನಾಟಕ ಕಡಿಮೆ. ಆದರೂ ಲೆಕ್ಕಪತ್ರ ಸಮಿತಿಯ ಸಾಕ್ಷ್ಯ ವಿಚಾರಣೆಯನ್ನಾದರೂ ಜನರಿಗೆ ತೋರಿಸಬೇಕು ಎಂಬ ತೀರ್ಮಾನಕ್ಕೆ ನಾನು ಬಂದಿದ್ದೇನೆ. ಬ್ರಿಟನ್ನಿನಲ್ಲಿ ಈ ಸಮಿತಿ 1861ರಲ್ಲಿ ಹುಟ್ಟಿತು. 2012ರ ನವೆಂಬರ್‌ನಲ್ಲಿ ಮಾರ್ಗರೆಟ್ ಹಾಜ್ ಅಧ್ಯಕ್ಷತೆಯಲ್ಲಿ ಅದು ಸ್ಟಾರ್‌ಬಕ್ಸ್, ಗೂಗಲ್, ಅಮೆಜಾನ್ ಕಂಪನಿಗಳ ಅಧಿಕಾರಿಗಳನ್ನು ಕೂರಿಸಿ ತೆರಿಗೆ ಏಕೆ ಇಷ್ಟು ಕಡಿಮೆ ಕಟ್ಟುತ್ತೀರಿ ಎಂದು ಕೇಳಿದ್ದನ್ನು ಇಡೀ ದೇಶ ನೋಡಿತು. ಮರುತಿಂಗಳೇ ಸ್ಟಾರ್‌ಬಕ್ಸ್ ಎರಡು ವರ್ಷಗಳಲ್ಲಿ ಎರಡು ಕೋಟಿ ಪೌಂಡ್ ಕಟ್ಟುವುದಾಗಿ ಒಪ್ಪಿತು. ಸಮಿತಿಗೆ ದಂಡ ಹಾಕುವ ಅಧಿಕಾರ ಇರಲಿಲ್ಲ. ನೋಡುತ್ತಿದ್ದ ಜನರಿದ್ದರು.

ಕಳೆದ ವಾರ ನಮ್ಮ ಕ್ಷೇತ್ರದ ಶಾಸಕರಿಗೆ ಪತ್ರ ಬರೆದಿದ್ದೇನೆ. ಹಿಂದಿನ ಬಜೆಟ್ ಅಧಿವೇಶನದಲ್ಲಿ ಯಾವ ಇಲಾಖೆಯ ಬೇಡಿಕೆಯ ಮೇಲೆ ಮಾತನಾಡಿದಿರಿ ಎಂದು ಕೇಳಿದ್ದೇನೆ. ನಮ್ಮ ಊರಿನ ಪಶು ಆಸ್ಪತ್ರೆಯಲ್ಲಿ ಬಹಳ ದಿನಗಳಿಂದ ವೈದ್ಯರಿಲ್ಲ, ಹಸುವಿಗೆ ಕಷ್ಟದ ಹೆರಿಗೆಯಾದರೆ ರಾತ್ರಿ ಹದಿನೆಂಟು ಕಿಲೋಮೀಟರ್ ದೂರದಿಂದ ವೈದ್ಯರನ್ನು ಕರೆಸಬೇಕು. ಈ ಬಾರಿ ಪಶುಸಂಗೋಪನೆ ಇಲಾಖೆಯ ಬೇಡಿಕೆ ಬಂದಾಗ ಇದೇ ವಿಷಯಕ್ಕೆ ಒಂದು ಕಡಿತ ಸೂಚನೆ ಕೊಡಿ, ತಿರಸ್ಕಾರವಾದರೂ ಚಿಂತೆಯಿಲ್ಲ, ಸಚಿವರ ಉತ್ತರ ಕಡತದಲ್ಲಿ ದಾಖಲಾಗಲಿ ಎಂದು ವಿನಂತಿಸಿದ್ದೇನೆ. ಜೊತೆಗೆ ಆ ಅಜ್ಜಿಯ ಕಥೆಯನ್ನೂ ಅರ್ಧ ಪುಟದಲ್ಲಿ ಬರೆದು ಲಗತ್ತಿಸಿದ್ದೇನೆ. ಉತ್ತರ ಬಂದ ದಿನ ಅದನ್ನು ಇಲ್ಲಿಯೇ ಹಾಕುತ್ತೇನೆ.