ಚೀಟಿ ಅದಲುಬದಲು

ಮೊನ್ನೆ ಶುಕ್ರವಾರ ಕೊಡಗಿನ ಗೋಣಿಕೊಪ್ಪದ ಹತ್ತಿರ ಒಂದು ಸಭೆ. ವಿಷಯ ಕಾಡಾನೆ. ಜೋರು ಮಳೆ, ಶೀಟಿನ ಮಾಡು. ಮೈಕಿಗಿಂತ ಮಾಡೇ ಜಾಸ್ತಿ ಮಾತಾಡುತ್ತಿತ್ತು. ಅತಿಥಿಗಳ ಸಹಾಯಕ ಜೇಬಿನಿಂದ ಒಂದು ಚೀಟಿ ತೆಗೆದುಕೊಟ್ಟ. ಅದು ಮಾರನೇ ದಿನದ ಪ್ರವಾಸೋದ್ಯಮ ಸಭೆಯದ್ದು.

ಅತಿಥಿಗಳು ಗಂಟಲು ಸರಿ ಮಾಡಿಕೊಂಡು ಓದಿದರು. "ಇನ್ನೂ ಹೆಚ್ಚು ಸಂಖ್ಯೆಯಲ್ಲಿ ಬರಬೇಕು. ಬಂದವರು ಎರಡು ರಾತ್ರಿಯಾದರೂ ತೋಟದಲ್ಲೇ ಉಳಿಯಬೇಕು. ನಮ್ಮ ಊಟದ ರುಚಿ ನೋಡಬೇಕು!" ಮುಂದಿನ ಸಾಲಿನಲ್ಲಿ, ಹಿಂದಿನ ರಾತ್ರಿಯಷ್ಟೇ ಬಾಳೆ ತೋಟ ಕಳೆದುಕೊಂಡವರು ಕೂತಿದ್ದರು.

"ಆನೆ ಇನ್ನೂ ಬರಬೇಕಾ ಸಾರ್?" ಅಂತ ಒಬ್ಬರು ಕೇಳಿಯೇಬಿಟ್ಟರು.

"ಹೌದು, ಯೋಚನೆ ಮಾಡಿಯೇ ಹೇಳಿದ್ದೇನೆ" ಅಂದರು ಅತಿಥಿಗಳು. ಆನೆ ಲದ್ದಿ ಗೊಬ್ಬರವಾಗುತ್ತದೆ, ತೋಟದ ನೆರಳು ಮರಗಳ ಕೊಂಬೆ ಸವರುವ ಕೂಲಿ ಉಳಿಯುತ್ತದೆ, ಹೀಗೆ ಐದು ಕಾರಣ ಅಲ್ಲೇ ಹುಟ್ಟಿದವು.

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಸ್ವೀಡನ್ನಿನ ಪೆಟರ್ ಜೊಹಾನ್ಸನ್, ಲಾರ್ಸ್ ಹಾಲ್ ಮತ್ತು ಸಂಗಡಿಗರು 2005ರಲ್ಲೇ, ತಾವು ಆರಿಸದ್ದಕ್ಕೂ ಜನ ಕಾರಣ ಹುಟ್ಟಿಸುತ್ತಾರೆ ಅಂತ ತೋರಿಸಿದ್ದಾರೆ. ಎರಡು ಮುಖಗಳ ಫೋಟೊ ತೋರಿಸಿ, ಚೆನ್ನಾಗಿರುವುದನ್ನು ಆರಿಸಿ ಅಂದರು. ಆರಿಸಿದ್ದನ್ನು ಕೈಚಳಕದಿಂದ ಬದಲಾಯಿಸಿ, ಯಾಕೆ ಆರಿಸಿದಿರಿ ಅಂತ ಕೇಳಿದರು. ಹೆಚ್ಚಿನವರಿಗೆ ಮೋಸ ತಿಳಿಯಲೇ ಇಲ್ಲ. ಕಿವಿಯೋಲೆ ಇಷ್ಟವಾಯಿತು ಅಂದವರೂ ಇದ್ದರು. ನಿಜವಾಗಿ ಆರಿಸಿದ ಮುಖಕ್ಕೆ ಓಲೆಯೇ ಇರಲಿಲ್ಲ!

2014ರಲ್ಲಿ ಅದೇ ಬಳಗ ನಾಲಿಗೆಗೂ ಕೈ ಹಾಕಿತು. ಅಕ್ಷರದ ಬಣ್ಣ ಹೇಳಿಸುವ ಪರೀಕ್ಷೆ, ಕಿವಿಗೆ ಹೆಡ್‌ಫೋನ್. ಪರೀಕ್ಷೆಗೆ ಕೂತವರ ಬಾಯಿ 'ಬೂದು' ಅಂದ ಗಳಿಗೆಗೇ, ಅವರದೇ ದನಿಯಲ್ಲಿ ಮೊದಲೇ ಹಿಡಿದಿಟ್ಟ 'ಹಸಿರು' ಕೇಳಿಸಿದರು. ಸ್ವೀಡಿಷ್‌ನಲ್ಲಿ ಆ ಎರಡೂ ಮಾತು ಹತ್ತಿರ ಹತ್ತಿರ, ಗ್ರೋ ಮತ್ತು ಗ್ರೋನ್ ಅನ್ನುವ ಹಾಗೆ. ಎಷ್ಟೋ ಸಲ ಅವರು ಹಸಿರು ಅಂದಿದ್ದು ತಾವೇ ಅಂತ ನಂಬಿದರು. ಅಂದರೆ ನಾವು ಏನಂದೆವು ಅಂತ ತಿಳಿಯೋಕೆ, ಕೇಳುವವರ ಹಾಗೆ ನಾವೂ ಒಂದಷ್ಟು ಕಿವಿಯನ್ನು ನೆಚ್ಚಿಕೊಂಡಿದ್ದೇವೆ, ಅಲ್ವಾ?

(ನಾನೇನೂ ಸಾಚಾ ಅಲ್ಲ. ಅರೇಬಿಕಾ ಬಿಟ್ಟು ಬೇರೆ ಕಾಫಿ ಮುಟ್ಟದವನು, ಹೋದ ವಾರ ರೋಬಸ್ಟಾ ಕುಡಿದು "ಆಹಾ, ಅರೇಬಿಕಾದ ಘಮವೇ ಘಮ" ಅಂದೆ. ಮನೆಯವರು ಸುಮ್ನೆ ಲೋಟ ತೆಗೆದುಕೊಂಡು ಹೋದರು.)

ಶನಿವಾರ ಮಡಿಕೇರಿಯಲ್ಲಿ ಪ್ರವಾಸೋದ್ಯಮ ಸಭೆ. ಹೊರಗೆ ರಾಜಾಸೀಟಿನ ಕಡೆ ಹೋಗುವ ಕಾರುಗಳು ಒಂದರ ಹಿಂದೆ ಒಂದು ನಿಂತಿದ್ದವು. ಸಹಾಯಕನ ಜೇಬಿನಲ್ಲಿ ಉಳಿದಿದ್ದು ಒಂದೇ ಚೀಟಿ.

"ಇವುಗಳ ಹಾವಳಿ ಮಿತಿ ಮೀರಿದೆ" ಅಂತ ಅತಿಥಿಗಳು ಓದಿದರು. "ಗುಂಪುಗುಂಪಾಗಿ ನುಗ್ಗುತ್ತವೆ. ದಾರಿಗೆ ಅಡ್ಡ ನಿಲ್ಲುತ್ತವೆ. ರಾತ್ರಿಯಿಡೀ ಗಲಾಟೆ. ಗಡಿಯುದ್ದಕ್ಕೂ ಕಂದಕ ತೋಡಿಸಿ ರೈಲ್ವೆ ಕಂಬಿಯ ಬೇಲಿ ಹಾಕಿಸುತ್ತೇನೆ!"

ಊರವರು ಎದ್ದು ನಿಂತು ಚಪ್ಪಾಳೆ ತಟ್ಟಿದರು.