ಶೇಕಡಾ ನೂರರ ಡಿಸ್ಕು

ಬದಿಯಡ್ಕದ ಹತ್ತಿರದ ನಮ್ಮ ಮನೆಯಲ್ಲಿ ಲ್ಯಾಪ್‌ಟಾಪಿನ ಗುಂಡಿ ಒತ್ತಿದವನು ಕೂಡಲೇ ಅದರೆದುರು ಕೂರುವ ಪದ್ಧತಿಯಿಲ್ಲ. ಗುಂಡಿ ಒತ್ತಿ, ತೋಟಕ್ಕಿಳಿದು, ಉದುರಿದ ಅಡಿಕೆಯನ್ನು ಒಂದು ಬುಟ್ಟಿ ಹೆಕ್ಕಿ, ಕೈಕಾಲು ತೊಳೆದು ಬರುವಷ್ಟರಲ್ಲಿ ಅದು ಪಾಸ್‌ವರ್ಡ್ ಕೇಳುವ ಹದಕ್ಕೆ ಬಂದಿರುತ್ತದೆ. ಪಾಸ್‌ವರ್ಡ್ ಕೊಟ್ಟ ಬಳಿಕ ಇನ್ನೊಂದು ಬುಟ್ಟಿ.

ಮೊದಲು ನಾನು ದೂರಿದ್ದು ವೈರಸನ್ನು. ಆಂಟಿವೈರಸ್ ಹಾಕಿದೆ, ಕಳ್ಳನನ್ನು ಹಿಡಿಯಲು ಬಂದ ಪೊಲೀಸರು ಅಂಗಳದ ತುಂಬಾ ನಿಂತಂತಾಗಿ, ಇದ್ದ ದಾರಿಯೂ ಮುಚ್ಚಿಹೋಯಿತು. ಕೊನೆಗೆ, ಒಳಗೆ ಯಾರು ಎಷ್ಟು ದುಡಿಯುತ್ತಿದ್ದಾರೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ, ಲೆಕ್ಕ ಮಾಡುವ ಸಿಪಿಯು ಶೇಕಡಾ 6ರಲ್ಲಿ ಕಾಲು ಚಾಚಿ ಕುಳಿತಿದೆ, ಕಡತಗಳನ್ನು ಇಟ್ಟುಕೊಳ್ಳುವ ಡಿಸ್ಕು ಮಾತ್ರ ಶೇಕಡಾ 100ರಲ್ಲಿ ಏದುಸಿರು ಬಿಡುತ್ತಿದೆ. ಜಗಲಿಯಲ್ಲಿ ಒಬ್ಬರು, ಅಡುಗೆಮನೆಯಲ್ಲಿ ಒಬ್ಬರು ಎಂಬ ನಮ್ಮ ಮನೆಯ ವ್ಯವಸ್ಥೆಯೂ ಇದೇ ಅಲ್ಲವೇ ಎಂದು ಹೆಂಡತಿ ಕೇಳಿದಳು. ಆ ಮಾತನ್ನು ನಾನು ಮುಂದುವರಿಸಲಿಲ್ಲ.

ಕುಂಬಳೆಯ ರಿಪೇರಿ ಅಂಗಡಿಯ ಹುಡುಗ ಅರ್ಧ ಕನ್ನಡ, ಅರ್ಧ ಮಲಯಾಳದಲ್ಲಿ ವಿಷಯ ಬಿಡಿಸಿ ಹೇಳಿದ. ಈ ಹಾರ್ಡ್ ಡಿಸ್ಕಿನೊಳಗಿನ ತಟ್ಟೆ ನಿಮಿಷಕ್ಕೆ 5400 ಸುತ್ತು ಸುತ್ತುತ್ತದೆಯಾದರೂ, ಓದುವ ಮುಳ್ಳು ಸರಿಯಾದ ಜಾಗಕ್ಕೆ ಸರಿದು, ಬೇಕಾದ ಅಕ್ಷರ ತನ್ನ ಕೆಳಗೆ ಬರುವವರೆಗೆ ಕಾಯಲೇಬೇಕಂತೆ. ಕೆಲಸದ ಹೊತ್ತಿನ ನೆನಪಾದ 4 ಜಿಬಿ ರ‍್ಯಾಮ್ ಸಾಲದೆ ಬಂದಾಗ ಆ ಭಾರವೂ ಇದೇ ತಟ್ಟೆಯ ತಲೆಗೆ ಬೀಳುತ್ತದಂತೆ. “ಎಸ್‌ಎಸ್‌ಡಿಯಲ್ಲಿ ತಿರುಗುವಂಥದ್ದೇ ಇಲ್ಲ ಮಾಷ್ಟ್ರೇ, ಈ ಡಿಸ್ಕಿನ ಬದಲಿಗೆ ಒಂದು ಹಾಕಿಬಿಡಿ” ಎಂದ.

ಹಾಕಿಬಿಡುವ ಜಾತಿ ನನ್ನದಲ್ಲ. ನಾನು ಮೊದಲು ಇತಿಹಾಸ ಓದಿದೆ. ಐಬಿಎಮ್ ಮೊದಲ ಹಾರ್ಡ್ ಡಿಸ್ಕನ್ನು ಹೊರತಂದದ್ದು 1956ರಲ್ಲಿ; 24 ಇಂಚು ಅಗಲದ 50 ತಟ್ಟೆಗಳಿದ್ದೂ ಅದರಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರ. ನಮ್ಮ ಕಾಸರಗೋಡನ್ನು ದಕ್ಷಿಣ ಕನ್ನಡದಿಂದ ಕತ್ತರಿಸಿ ಕೇರಳಕ್ಕೆ ಅಂಟಿಸಿದ್ದೂ ಅದೇ ವರ್ಷ. ಕಟ್ ಆ್ಯಂಡ್ ಪೇಸ್ಟ್ ಎಂದರೇನೆಂದು ಕಂಪ್ಯೂಟರ್ ನೋಡುವ ಮೊದಲೇ ನಮ್ಮ ಹಿರಿಯರಿಗೆ ಗೊತ್ತಿತ್ತು. ಬಳಿಕ ಎಸ್‌ಎಸ್‌ಡಿಯ ಬೆಲೆಯನ್ನು ಅಡಿಕೆಯ ಕಿಲೋ ಲೆಕ್ಕಕ್ಕೆ ಇಳಿಸಿದೆ, ಧಾರಣೆ ಏರಲಿ ಎಂದು ಎರಡು ತಿಂಗಳು ಕಾದೆ. ಅಷ್ಟರಲ್ಲಿ ಮೈಸೂರಿನಲ್ಲಿರುವ ಅಳಿಯ, ನನ್ನ ಸಂಶೋಧನೆ ಮುಗಿಯುವ ಲಕ್ಷಣ ಕಾಣದೆ, 500 ಜಿಬಿಯದೊಂದನ್ನು ಅಂಚೆಯಲ್ಲಿ ಕಳುಹಿಸಿಯೇ ಬಿಟ್ಟ.

ಹಳೆಯ ಡಿಸ್ಕಿನಲ್ಲಿದ್ದುದನ್ನೆಲ್ಲ ಹೊಸದಕ್ಕೆ ನಕಲಿಸಲು ಅಕ್ಟೋಬರಿನ ಒಂದು ಸಂಜೆ ಕುಳಿತೆ. ಸೆಕೆಂಡಿಗೆ 100 ಎಂಬಿಯಂತೆ ಓದಿದರೆ ಒಂದೂವರೆ ಗಂಟೆಯೊಳಗೆ ಮುಗಿಯಬೇಕು. ಆದರೆ ಹೊಸದು ಎಷ್ಟೇ ಚುರುಕಾಗಿದ್ದರೂ ಓದಿ ಹೇಳಬೇಕಾದವನು ಹಳಬನೇ ಎಂಬುದು ನನ್ನ ಲೆಕ್ಕದಲ್ಲಿ ಸೇರಿರಲಿಲ್ಲ. ಊಟದ ಹೊತ್ತಿಗೆ ಶೇಕಡಾ 38. ಹತ್ತೂವರೆಗೆ, ಗುಡುಗು ಶುರುವಾದಾಗ, ಶೇಕಡಾ 91. ಸಿಡಿಲೊಂದು ಎಲ್ಲೋ ಹತ್ತಿರದಲ್ಲೇ ಬಡಿದು ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಎರಡು ವರ್ಷವಾಗಿದೆ ಎಂಬುದು ನನಗೆ ಆಗ ನೆನಪಾಯಿತು.

ಬೆಳಿಗ್ಗೆ ಕರೆಂಟು ಬಂತು. ಮತ್ತೆ ಮೊದಲಿನಿಂದ ನಕಲಿಸಲು ಗುಂಡಿ ಒತ್ತಿ ಎದ್ದು ನಿಂತಾಗ, ಹೆಂಡತಿ ಮಾತಿಲ್ಲದೆ ಬುಟ್ಟಿಯನ್ನು ತಂದು ಕೈಗಿತ್ತಳು.