ವಿನಾಯಿತಿ ಇರುವುದು ಆಡಿಟ್‌ಗಲ್ಲ

ನಿಮ್ಮ ಲೇಖನದ ಮೊದಲ ಸಾಲಿನಲ್ಲೇ "ಸಣ್ಣ ಕಂಪನಿಗಳಿಗೆ ಇನ್ನು ಆಡಿಟ್ ಚಿಂತೆ ಇಲ್ಲ" ಎಂದು ಬರೆದಿದ್ದೀರಿ. ಈ ಮಾತು ತಪ್ಪು. 2013ರ ಕಂಪನಿ ಕಾಯ್ದೆ ಪ್ರಕಾರ ವ್ಯವಹಾರ ಎಷ್ಟೇ ಚಿಕ್ಕದಿರಲಿ, ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆ ಆಗಲೇಬೇಕು. ಸಣ್ಣ ಕಂಪನಿಗಳಿಗೆ ಬಿಟ್ಟಿರುವುದು ಕಾರೋ 2020ರ (ಆಡಿಟರ್ ತನ್ನ ವರದಿಯಲ್ಲಿ ಏನೇನು ಹೇಳಬೇಕು ಎನ್ನುವ ಸರ್ಕಾರಿ ಆದೇಶ) ಹೆಚ್ಚುವರಿ ವರದಿಯನ್ನು, ಆಂತರಿಕ ಹಣಕಾಸು ನಿಯಂತ್ರಣದ (ಲೆಕ್ಕದಲ್ಲಿ ತಪ್ಪು, ಮೋಸ ಆಗದಂತೆ ಕಂಪನಿ ಮಾಡಿಕೊಂಡ ಏರ್ಪಾಟು) ಬಗ್ಗೆ ಆಡಿಟರ್ ಬರೆಯಬೇಕಾದ ಅಭಿಪ್ರಾಯವನ್ನು, ನಗದು ಹರಿವಿನ ಪಟ್ಟಿಯನ್ನು (ಹಣ ಬಂದದ್ದು, ಹೋದದ್ದರ ವಿವರ).

ಆ ಹೆಚ್ಚುವರಿ ವರದಿ ಸುಮ್ನೆ ಕಾಗದದ ಹೊರೆ ಎಂದಿರುವುದನ್ನೂ ನಾನು ಒಪ್ಪುವುದಿಲ್ಲ. ಕೊಡಗಿನ ಸುಂಟಿಕೊಪ್ಪದ ಹತ್ತಿರ ನಾವು ನಾಲ್ಕು ಜನ ಬೆಳೆಗಾರರು ಸೇರಿ ಕಾಫಿ, ಕರಿಮೆಣಸು ಖರೀದಿಯ ಕಂಪನಿ ನಡೆಸುತ್ತೇವೆ. ಕಾರೋ ನಮಗಿಲ್ಲವಲ್ಲ ಅಂತ ಎರಡು ವರ್ಷ ಗೋದಾಮಿನ ಮಾಲನ್ನು ಸರಿಯಾಗಿ ಎಣಿಸಲೇ ಇಲ್ಲ. ಮೂರನೇ ವರ್ಷ ಮಳೆ ಹಿಡಿಯುವ ಮುಂಚೆ ಅಟ್ಟಿ ಇಳಿಸಿ ಒಂದೊಂದೇ ಚೀಲ ತೂಗಿದೆವು. ಪುಸ್ತಕದಲ್ಲಿದ್ದುದಕ್ಕಿಂತ 22 ಚೀಲ ರೋಬಸ್ಟಾ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಕಡಿಮೆ! ಒಣಗಿ ಇಳಿದ ತೂಕ ಎಷ್ಟು, ಲೆಕ್ಕವಿಲ್ಲದೆ ಹೊರಗೆ ಹೋದದ್ದು ಎಷ್ಟು ಎಂದು ಹೇಳಲು ಒಂದು ಚೀಟಿಯೂ ಇರಲಿಲ್ಲ. ಚಿಕ್ಕಂದಿನಿಂದ ಜೊತೆಗಿದ್ದ ನಾವು ಅವತ್ತು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಕಾರೋ ಕೇಳುವುದು ಇದನ್ನೇ ಅಲ್ವಾ? ದಾಸ್ತಾನನ್ನು ಆಗಾಗ ಎಣಿಸಿದ್ದೀರಾ, ಶೇ 10ರಷ್ಟು ಅಥವಾ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಬಂದಿದ್ದರೆ ಪುಸ್ತಕದಲ್ಲಿ ಸರಿಪಡಿಸಿದ್ದೀರಾ ಎಂದು. ಈಗ ಕಾನೂನು ಕೇಳದಿದ್ದರೂ ನಾವೇ ಆಡಿಟರನ್ನು ಕರೆಸಿ ತೂಕ ಹಾಕಿಸುತ್ತೇವೆ.

ದಯವಿಟ್ಟು ಆ ಮೊದಲ ಸಾಲು ತಿದ್ದಿ. ಹೊಸದಾಗಿ ಕಂಪನಿ ಮಾಡಿದ ನಮ್ಮೂರ ಹುಡುಗರು ಅದನ್ನು ನಂಬಿ ಆಡಿಟ್ ಬಿಟ್ಟರೆ ದಂಡ ಕಟ್ಟಬೇಕಾಗುತ್ತದೆ.